ಗೇಣಿನಲ್ಲಿ ಅಳೆದ ಡೀಸೆಲ್ ಎಂಜಿನ್

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನಾನು ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಕಂಟೋನ್ಮೆಂಟಿನ ಮಾದರಿ ರೈಲು ಕ್ಲಬ್ಬಿನವರು ತಮ್ಮ ಪ್ರದರ್ಶನಕ್ಕೆ ಮುಂಚೆ ಒಂದು ಎಂಜಿನ್ ಪರೀಕ್ಷಿಸಲು ಯಾರನ್ನಾದರೂ ಕಳಿಸಿಕೊಡಿ ಎಂದು ಕಾಲೇಜಿಗೆ ಬರೆದಿದ್ದರು. ಹಿರಿಯರಿಗೆ ಯಾರಿಗೂ ಬಿಡುವಿರಲಿಲ್ಲ. ಶನಿವಾರ ಬೆಳಿಗ್ಗೆ ಉಕ್ಕಿನ ಸ್ಕೇಲು, ಕ್ಯಾಲಿಪರ್ಸ್, ಸ್ಪಿರಿಟ್ ಸೀಸೆ ಚೀಲದಲ್ಲಿಟ್ಟುಕೊಂಡು ಹಲಸೂರಿನ ಮನೆಯಿಂದ ನಾನೇ ನಡೆದು ಹೋದೆ.

ಎಂಜಿನ್ ತಂದಿದ್ದವರು ಮರ್ಫಿ ಟೌನಿನ ಒಬ್ಬ ನಿವೃತ್ತ ಲೋಕೋ ಫಿಟ್ಟರ್, ರೈಲು ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದವರು. ಗೋಣಿಚೀಲದೊಳಗೆ ಹಳೆಯ ಪಂಚೆಯಲ್ಲಿ ಸುತ್ತಿ ತಂದಿದ್ದರು. ಕ್ಲಬ್ಬಿನ ಸದಸ್ಯರೆಲ್ಲ ರೈಲ್ವೆಯ ದೊಡ್ಡ ಅಧಿಕಾರಿಗಳು. ಅವರ ಎಂಜಿನ್‌ಗಳು ವಿದೇಶದಿಂದ ಹಡಗಿನಲ್ಲಿ ಬಂದಂಥವು. ಕ್ಲಬ್ಬಿನ ಹಳಿಯ ಮೇಲೆ ಊರಿನವರೊಬ್ಬರು ಕೈಯಾರೆ ಮಾಡಿದ್ದು ಓಡಿದ್ದೇ ಇಲ್ಲ. ಮೂಲಕ್ಕೆ ಹೊಂದುವ ವಿವರ ಮತ್ತು ಓಟ ಎರಡರಲ್ಲೂ ಪಾಸಾದರೆ ಮರುದಿನದ ಪ್ರದರ್ಶನದಲ್ಲಿ ಜಾಗ, ಇಲ್ಲವಾದರೆ ಎಂಜಿನ್ ಮತ್ತೆ ಗೋಣಿಚೀಲಕ್ಕೆ. ಫಿಟ್ಟರ್ ಆಗಲೇ ತಮ್ಮ ಇಡೀ ಬೀದಿಯನ್ನು ಪ್ರದರ್ಶನಕ್ಕೆ ಕರೆದುಬಿಟ್ಟಿದ್ದರು.

ಅದು ಡೀಸೆಲ್ ಎಂಜಿನ್ನಿನ ಮಾದರಿ. ನಮ್ಮ ಕಡೆ ಆಗ ಎಲ್ಲವೂ ಕಲ್ಲಿದ್ದಲಿನದೇ. ಹೊಗೆಕೊಳವೆಯಿಲ್ಲದ, ಉದ್ದ ಪೆಟ್ಟಿಗೆಯಂಥ ಆ ಆಕಾರ ನನಗೂ ಹೊಸದು. ಯುದ್ಧದ ಕಾಲದಲ್ಲಿ ಫಿಟ್ಟರನ್ನು ದೂರದ ಸೇನಾ ಡಿಪೋ ಒಂದಕ್ಕೆ ಕಳಿಸಿದ್ದರಂತೆ. ಅಲ್ಲಿ ಅಮೆರಿಕದವರು ತಂದಿದ್ದ ಎಂಜಿನ್ ಕಂಡು, ಊಟದ ಬಿಡುವಿನಲ್ಲಿ ಅದನ್ನು ಅಳೆದು ಬರೆದುಕೊಂಡಿದ್ದರು. ಮೋಟಾರು ಶಿವಾಜಿನಗರದ ಗುಜರಿಯದು, ಮೈ ತಗಡಿನದು.

ಕ್ಲಬ್ಬಿನ ಕಾರ್ಯದರ್ಶಿ ಮೂಲ ನಕ್ಷೆ ಕೇಳಿದರು. ಫಿಟ್ಟರ್ ಎಣ್ಣೆ ಕಲೆಯ ನೋಟ್‌ಬುಕ್ ಮುಂದಿಟ್ಟರು. ಅದರಲ್ಲಿ ಅಡಿಯೂ ಇಲ್ಲ, ಅಂಗುಲವೂ ಇಲ್ಲ, ಎಲ್ಲವೂ ಗೇಣಿನ ಲೆಕ್ಕ. ಮೂಲ ಎಂಜಿನ್ನಿನ ಉದ್ದ ಅರವತ್ತನಾಲ್ಕು ಗೇಣು. ಕಾರ್ಯದರ್ಶಿ ನಕ್ಕು, ಇದನ್ನು ಅಳತೆ ಎನ್ನಲಾಗದು, ವಿವರದ ಕಾಲಮ್ಮಿನಲ್ಲಿ ಸೊನ್ನೆ ಬರೆಯಿರಿ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರ ಮಾತು ಒರಟಾಗಿರಲಿಲ್ಲ. ಅವರ ಮನಸ್ಸಿನಲ್ಲಿ ಪರೀಕ್ಷೆ ಮುಗಿದಿತ್ತು, ಅಷ್ಟೆ.

ನಾನು ಪೆನ್ನು ಕೆಳಗಿಟ್ಟೆ. "ನಿಮ್ಮ ಕೈ ಇಲ್ಲಿ ಅಗಲಿಸಿ ಇಡ್ತೀರಾ?" ಎಂದು ಫಿಟ್ಟರನ್ನು ಕೇಳಿದೆ.

ಅವರು ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಮೇಜಿನ ಮೇಲೆ ಅಗಲಿಸಿದರು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಸ್ಕೇಲು ಹಿಡಿದೆ. ಎಂಟೂಕಾಲು ಅಂಗುಲ. ಎತ್ತಿ ಮತ್ತೆ ಇಡಲು ಹೇಳಿದೆ, ಎಂಟೂಕಾಲು. ಮೂರನೆಯ ಸಲವೂ ಅಷ್ಟೇ. ನಲವತ್ತು ವರ್ಷ ಅದೇ ಕೈಯಲ್ಲಿ ಪೈಪು, ಪಟ್ಟಿ ಅಳೆದವರ ಗೇಣು ಅದು, ಕೂದಲೆಳೆಯಷ್ಟೂ ಕದಲಲಿಲ್ಲ. ಮಾದರಿಯಲ್ಲಿ ಒಂದು ಗೇಣಿಗೆ ಎಷ್ಟು ಹಿಡಿದಿರಿ ಎಂದು ಕೇಳಿದೆ. ಒಂದೂವರೆ ನೂಲು ಎಂದರು. ನೂಲು ಎಂದರೆ ಅಂಗುಲದ ಎಂಟನೆಯ ಒಂದು ಭಾಗ. ಹಾಗಾದರೆ ಎಂಜಿನ್ ಸರಿಯಾಗಿ ಹನ್ನೆರಡು ಅಂಗುಲ ಇರಬೇಕು. ಅಳೆದೆ, ಇತ್ತು. ಗುಣಿಸಿ ನೋಡಿದರೆ ಮೂಲದ ಉದ್ದ ಐನೂರ ಇಪ್ಪತ್ತೆಂಟು ಅಂಗುಲ, ಪ್ರಮಾಣ ನಲವತ್ತನಾಲ್ಕಕ್ಕೆ ಒಂದು. ಕ್ಲಬ್ಬಿನ ನಿಯಮ ನಲವತ್ತಮೂರೂವರೆಗೆ ಒಂದು. ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ಮಾತ್ರ. ಲೆಕ್ಕವನ್ನು ಕಾರ್ಯದರ್ಶಿಯ ಕಡೆ ತಿರುಗಿಸಿ ಇಟ್ಟೆ. ಅವರು ಎರಡು ಸಲ ಓದಿದರು.

ಬಾಗಿಲು, ಕಿಟಕಿ, ಗಾಳಿಯ ಜಾಲರಿ, ಒಂದೊಂದನ್ನೂ ನೋಟ್‌ಬುಕ್ಕಿಗೆ ಹಿಡಿದು ನೋಡಿದೆ. ತಪ್ಪು ಸಿಕ್ಕಿದ್ದು ಒಂದೇ. ಬಲಗಡೆಯ ಮುಂದಿನ ಮೆಟ್ಟಿಲು ಸೊಟ್ಟಗಿತ್ತು.

"ಅಲ್ಲೂ ಸೊಟ್ಟಾನೇ ಇತ್ತಮ್ಮಾ," ಎಂದರು ಫಿಟ್ಟರ್. "ಯಾರೋ ಗುದ್ದಿಬಿಟ್ಟಿದ್ರು. ನಾನ್ಯಾಕೆ ನೆಟ್ಟಗೆ ಮಾಡ್ಲಿ?"

ನೋಟ್‌ಬುಕ್ಕಿನಲ್ಲಿ ಅದೂ ಬರೆದಿತ್ತು.

ಆಮೇಲೆ ಓಟ. ಎಂಜಿನನ್ನು ಹಳಿಗಿಟ್ಟು, ಹಿಂದೆ ಆರು ಬೋಗಿ ಕಟ್ಟಿ, ಬ್ಯಾಟರಿಯ ಸ್ವಿಚ್ ಒತ್ತಿದರು. ಎಂಜಿನ್ ಮಿಸುಕಲಿಲ್ಲ. ಮತ್ತೆ ಒತ್ತಿದರು. ಫಿಟ್ಟರರ ಮುಖ ಬಾಡಿತು. ರಾತ್ರಿ ಮನೆಯಲ್ಲಿ ಓಡಿತ್ತು ಎಂದು ಮೆಲ್ಲಗೆ ಅಂದರು. ಕಾರ್ಯದರ್ಶಿ ನನ್ನ ಕೈಲಿದ್ದ ಫಾರಮ್ಮಿನತ್ತ ನೋಡಿದರು.

ನಾನು ಬಗ್ಗಿ ಚಕ್ರಗಳನ್ನು ನೋಡಿದೆ. ಎಂಟು ಚಕ್ರಕ್ಕೂ ಗಂಧ ಒಣಗಿ ಅಂಟಿತ್ತು, ನಡುವೆ ಕುಂಕುಮದ ಬೊಟ್ಟು. ಇದೇನೆಂದು ಕೇಳಿದೆ.

"ಹೊಸ ಗಾಡಿ ಹೊರಡೋವಾಗ ಚಕ್ರಕ್ಕೆ ಗಂಧ ಇಡದೆ ಬಿಡ್ತಾರಾ ಅಮ್ಮಾ? ಶೆಡ್ಡಲ್ಲಿ ಎಷ್ಟು ಎಂಜಿನ್‌ಗೆ ಬಳಿದಿದ್ದೀನಿ. ಒಂದೂ ನಿಂತಿಲ್ಲ."

ನಿಲ್ಲುವುದೂ ಇಲ್ಲ, ಅವು ಹಬೆಯವು. ಇದಕ್ಕೆ ವಿದ್ಯುತ್ತು ಹಳಿಯಿಂದ ಚಕ್ರದ ಮೂಲಕವೇ ಹತ್ತಬೇಕು, ಒಣಗಿದ ಗಂಧ ಅದನ್ನು ತಡೆದಿತ್ತು. ಹೇಳುತ್ತಿದ್ದಂತೆ ಅವರಿಗೆ ತಾನಾಗಿ ತಿಳಿಯಿತು; ಹಣೆ ಬಡಿದುಕೊಂಡರು. ಒಂದೇ ಅವಕಾಶ ಎಂಬ ನಿಯಮವನ್ನು ಕಾರ್ಯದರ್ಶಿ ನೆನಪಿಸಿದರು. ನಾನು ಸಾಮಾನ್ಯವಾಗಿ ಎದುರು ಮಾತಾಡುವವಳಲ್ಲ. ಅಳೆಯುವ ಮುಂಚೆ ವಿದ್ಯುತ್ತು ಹರಿಯುವ ತುದಿಗಳನ್ನು ಒರೆಸುವುದು ಪ್ರಯೋಗಾಲಯದ ಮೊದಲ ಪಾಠ, ಅದನ್ನು ನಾನು ಮಾಡದೇ ಇದ್ದದ್ದು ಪರೀಕ್ಷಕಿಯ ತಪ್ಪು, ಎಂಜಿನ್‌ನದಲ್ಲ, ಬೇಕಾದರೆ ಹಾಗೆಂದೇ ಬರೆದು ಸಹಿ ಹಾಕುತ್ತೇನೆ ಎಂದೆ. ಅವರು ಒಪ್ಪಿ ತಲೆಯಾಡಿಸಿದರು.

ಕರವಸ್ತ್ರಕ್ಕೆ ಸ್ಪಿರಿಟ್ ಹಾಕಿ ಎಂಟು ಚಕ್ರವನ್ನೂ ಒರೆಸಿದೆ. ಫಿಟ್ಟರ್ ಕೇಳಿಕೊಂಡಿದ್ದಕ್ಕೆ ಎಂಜಿನ್ನಿನ ಮುಂಭಾಗಕ್ಕೆ ಇಟ್ಟಿದ್ದ ಕುಂಕುಮವನ್ನು ಮಾತ್ರ ಹಾಗೇ ಬಿಟ್ಟೆ.

ಸ್ವಿಚ್ ಒತ್ತಿದಾಗ ಎಂಜಿನ್ ಜಗ್ಗಲಿಲ್ಲ, ಅದುರಲಿಲ್ಲ, ನಿಂತಲ್ಲಿಂದ ಮೆಲ್ಲಗೆ ಜಾರಿಕೊಂಡು ಹೊರಟಿತು. ಸೇತುವೆಯ ಏರು ಹತ್ತಿತು. ಕ್ಲಬ್ಬಿನ ಅತ್ಯುತ್ತಮ ಎಂಜಿನ್ ಎಳೆದಿದ್ದು ಆರು ಬೋಗಿ. ಏಳನೆಯದನ್ನು ಕಟ್ಟಿದ್ದು ಕಾರ್ಯದರ್ಶಿಯೇ. ಎಂಟನೆಯದಕ್ಕೆ ಅವರು ಕೋಟು ಬಿಚ್ಚಿದರು. ಒಂಬತ್ತನೆಯದು ಕಟ್ಟಿದಾಗ ಬೀರುವಿನಲ್ಲಿ ಬೋಗಿ ಮುಗಿದಿದ್ದವು, ಎಂಜಿನ್ ಇನ್ನೂ ಏರುತ್ತಿತ್ತು.

ಫಾರಮ್ಮಿನಲ್ಲಿ ವಿವರ ತೃಪ್ತಿಕರ, ಓಟ ಅತ್ಯುತ್ತಮ ಎಂದು ಬರೆದೆ. ದೋಷಗಳ ಕಾಲಮ್ಮಿನಲ್ಲಿ 'ಬಲ ಮೆಟ್ಟಿಲು ಸೊಟ್ಟ, ಮೂಲದಂತೆಯೇ' ಎಂದು ಸೇರಿಸಿ, ಕೆಳಗೆ ನನ್ನ ಪೂರ್ಣ ಹೆಸರು, ಪದವಿ ಹಾಕಿದೆ. ಪದವಿ ಬಂದ ಮೇಲೆ ಅದನ್ನು ಹೆಸರಿನ ಮುಂದೆ ಬರೆದದ್ದು ಅದೇ ಮೊದಲು.

ಭಾನುವಾರ ಮರ್ಫಿ ಟೌನಿನ ಆ ಬೀದಿ ಇಡೀ ಬಂದಿತ್ತು. ನಾನು ಗೋಡೆಯ ಪಕ್ಕ ನಿಂತು ನೋಡಿದೆ. ಹಸಿರು ಬಾವುಟ ಬೀಸಿದವರು ಕಾರ್ಯದರ್ಶಿ. ಒಂಬತ್ತು ಬೋಗಿಯ ರೈಲು ಸೇತುವೆ ದಾಟಿ ಹತ್ತಿರ ಬಂದಾಗ ಎಂಟು ಚಕ್ರಗಳೂ ಹೊಳೆಯುತ್ತಿದ್ದವು. ಗಂಧವನ್ನು ಈ ಸಲ ಎಂಜಿನ್ನಿನ ಚಾವಣಿಗೆ ಹಚ್ಚಿದ್ದರು.