ಅವ್ವ ತಿಂದ ಚೀನಾ ಕಡುಬು

ನಮ್ಮ ಅವ್ವ ತನ್ನ ಜೀವಮಾನದಲ್ಲಿ ಎಷ್ಟು ಕಡುಬು ಬೇಯಿಸಿದ್ದಳೋ ಹೇಳಲಾರೆ. ಅದರಲ್ಲಿ ಒಂದನ್ನಾದರೂ ಅವಳು ಬಿಸಿಬಿಸಿಯಾಗಿ ತಿಂದದ್ದನ್ನು ಮಾತ್ರ ನಾನು ನೋಡಿರಲಿಲ್ಲ. ಇದು ನನ್ನ ತಲೆಗೆ ಹೊಳೆದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಸಾಗರದ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿ ಸೇರಿದ ಹೊಸತರಲ್ಲಿ. ಹೊಳೆದದ್ದೇ ತಡ, ಸಿಟ್ಟು ಬಂತು. ನನಗೆ ಸಿಟ್ಟು ಬರುವುದಕ್ಕೆ ಹೊತ್ತುಗೊತ್ತು ಬೇಕಾಗಿರಲಿಲ್ಲ.

ಸಿಟ್ಟು ಬಂದದ್ದು ಅಪ್ಪಯ್ಯನ ಮೇಲೆ. ಅಪ್ಪಯ್ಯ ಬಸ್ ಡ್ರೈವರ್. ಬೆಳಿಗ್ಗೆ ಸಾಗರ ಬಿಟ್ಟು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವುದು, ಮಧ್ಯಾಹ್ನ ಅಲ್ಲಿಂದ ತಿರುಗಿ ಬರುವುದು. ಬಸ್ಸು ಯಾವ ಹೋಟೆಲಿನ ಮುಂದೆ ನಿಲ್ಲುತ್ತದೋ ಆ ಹೋಟೆಲಿಗೆ ವ್ಯಾಪಾರ. ಹಾಗಾಗಿ ಡ್ರೈವರಿಗೂ ಕಂಡಕ್ಟರಿಗೂ ಹೋಟೆಲಿನವರು ಪುಕ್ಕಟೆ ಊಟ ತಿಂಡಿ ಕೊಡುತ್ತಿದ್ದರು, ಅದೂ ಒಳಗಿನ ಮೇಜಿನಲ್ಲಿ ಕೂರಿಸಿ, ಕಾವಲಿಯಿಂದ ನೇರ ತಟ್ಟೆಗೆ. ಹೊಸನಗರದಲ್ಲಿ ದೋಸೆ, ತೀರ್ಥಹಳ್ಳಿಯಲ್ಲಿ ಊಟ. ಮನೆಗೆ ಬಂದರೆ ಇಲ್ಲಿ ಅವ್ವ. ಅವನು ಸ್ನಾನ ಮುಗಿಸಿ ಬರುವುದಕ್ಕೂ ಒಲೆಯಿಂದ ಕಡುಬು ಇಳಿಯುವುದಕ್ಕೂ ಸರಿಹೋಗಬೇಕಿತ್ತು. ಸರಿಹೋಗುತ್ತಲೂ ಇತ್ತು.

ಅವ್ವನ ಊಟ ನಮ್ಮದೆಲ್ಲ ಮುಗಿದ ಮೇಲೆ. ಒಡೆದ ಕಡುಬು, ತಳದಲ್ಲಿ ಉಳಿದ ಕೋಳಿ ಸಾರು, ಆರಿಹೋದ ಅನ್ನ. ನಾವು ಮನೆಯಲ್ಲಿದ್ದದ್ದೇ ಮೂವರು. ಮೂವರೂ ಒಟ್ಟಿಗೆ ಉಂಡ ನೆನಪೇ ನನಗಿಲ್ಲ. ಕೇಳಿದರೆ ಅವಳದ್ದು ಒಂದೇ ಉತ್ತರ. "ನಂಗೆ ಬಿಸಿ ಆಗದಿಲ್ಲ ಕಣೆ. ನಾಲ್ಗೆ ಸುಡ್ತದೆ."

ಹೀಗಿರುವಾಗ ನಮ್ಮ ಬೀದಿಯ ಕೊನೆಯಲ್ಲಿ, ಸೋಡಾ ಅಂಗಡಿಯ ಪಕ್ಕ, ಒಂದು ಹೋಟೆಲು ಶುರುವಾಯಿತು. ನಡೆಸುತ್ತಿದ್ದವನು ತೀರ್ಥಹಳ್ಳಿ ಕಡೆಯವನು. ಚಿಕ್ಕಂದಿನಲ್ಲೇ ಮನೆ ಬಿಟ್ಟು ಬೊಂಬಾಯಿ ಸೇರಿ, ಅಲ್ಲೊಬ್ಬ ಚೀನೀಯನ ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ್ದನಂತೆ. ಚೀನಾದ ಜೊತೆ ಯುದ್ಧವಾದ ಹೊತ್ತಿನಲ್ಲಿ ಮಾಲೀಕ ಬಾಗಿಲು ಹಾಕಿಕೊಂಡು ಹೋದ. ಇವನು ಕಲಿತ ಕೆಲಸವನ್ನು ಕಟ್ಟಿಕೊಂಡು ಈ ಕಡೆ ಬಂದ. ಕಾರ್ಗಲ್ ಕಡೆ ಅಣೆಕಟ್ಟಿನ ಕೆಲಸಕ್ಕೆಂದು ಬಂದ ಎಂಜಿನಿಯರುಗಳು ಭಾನುವಾರ ಸಂಜೆ ಜೀಪಿನಲ್ಲಿ ಸಾಗರಕ್ಕೆ ಬರುತ್ತಿದ್ದರು. ಅವರನ್ನು ನಂಬಿಕೊಂಡೇ ಅವನು ಇಲ್ಲಿ ಒಲೆ ಹೂಡಿದ್ದು.

ಬೋರ್ಡಿನಲ್ಲಿ ಚೀನಾ ಎಂದು ಬರೆಸುವ ಧೈರ್ಯ ಅವನಿಗೆ ಇರಲಿಲ್ಲ. 'ಊಟ, ತಿಂಡಿ' ಎಂದಷ್ಟೇ ಬರೆಸಿದ್ದ. ನಮ್ಮ ಬೀದಿಯವರು ಬಿಡಬೇಕಲ್ಲ, ಮೊದಲ ವಾರಕ್ಕೇ ಅದು ಚೀನಾ ಹೋಟ್ಲು ಆಯಿತು. ಅವನು ಚೀನಾದವನು ಆದ. ಮೂಗು ಗಿಳಿಯದ್ದು, ಬಣ್ಣ ನಮ್ಮನೆ ಕಾವಲಿಯದ್ದು, ಮಾತು ಅಪ್ಪಟ ತೀರ್ಥಹಳ್ಳಿಯದ್ದು. ಆದರೂ ಚೀನಾದವನೇ.

ವಾರವಿಡೀ ಅನ್ನ ಸಾರು ಮಾಡುತ್ತಿದ್ದವನು ಭಾನುವಾರ ಸಂಜೆ ಮಾತ್ರ ಬೊಂಬಾಯಿಯ ಅಡುಗೆಗೆ ಇಳಿಯುತ್ತಿದ್ದ. ಸೂಪು, ಎಣ್ಣೆಯಲ್ಲಿ ಬಾಡಿಸಿದ ನೂಡಲ್ಸು, ಮತ್ತೆ ಹಬೆಯಲ್ಲಿ ಬೇಯಿಸಿದ ಪುಟ್ಟಪುಟ್ಟ ಕಡುಬು. ಅದಕ್ಕೆ ಅಂಗೈಯಗಲದ ಬಿದಿರಿನ ಬುಟ್ಟಿಗಳನ್ನು ಮುಚ್ಚಳ ಸಮೇತ ಮೇದಾರರಿಗೆ ಹೇಳಿ ಹೆಣೆಸಿದ್ದ. ಮಕ್ಕಳಾಟಕ್ಕಾ ಎಂದು ಮೇದಾರರು ನಕ್ಕರಂತೆ.

ಒಂದು ಭಾನುವಾರ ಅಪ್ಪಯ್ಯನಿಗೆ ಅಲ್ಲಿ ಉಪಚಾರವಾಯಿತು. ನಮ್ಮದೇ ಬೀದಿಯ ಡ್ರೈವರು, ತೀರ್ಥಹಳ್ಳಿಯಿಂದ ಅವನ ಸಾಮಾನು ಬುಟ್ಟಿಗಳನ್ನು ಬಸ್ಸಿನ ಟಾಪಿನಲ್ಲಿ ತಂದುಕೊಟ್ಟವನು ಎಂಬ ಲೆಕ್ಕದಲ್ಲಿ. ಅಪ್ಪಯ್ಯ ಮನೆಗೆ ಬಂದು, ಜಗಲಿಯಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ.

"ನಮ್ಮ ಕಡುಬಿನ ಹಂಗೇ. ಆದ್ರೆ ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳು. ಒಳಗೆ ಕೋಳಿ. ಬಾಯಿಗಿಟ್ರೆ ರಸ ಬರ್ತದೆ ಮಾರಾಯ್ತಿ, ಹಂಗೇ ಬಿಸಿ."

ಅಪ್ಪಯ್ಯ ಅಡುಗೆ ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಬಾಗಿಲ ಬಳಿ ನಿಂತಿದ್ದಳು.

"ಒಳಗೆ ಕೋಳಿ ಜೊತೆಗೆ ಎಂತ ಹಾಕ್ತಾರೆ?" ಎಂದಳು.

"ಎಂತದೋ. ಈರುಳ್ಳಿ ಸೊಪ್ಪು ಇರ್ಬೇಕು."

"ರಸ ಹೆಂಗೆ ಒಳಗೇ ನಿಲ್ತದೆ? ಹಿಟ್ಟು ಕುಡಿಯದಿಲ್ವಾ?"

"ನಂಗೇನ್ ಗೊತ್ತು?"

ಅದೇ ಪ್ರಶ್ನೆಯನ್ನು ಅವಳು ಮಾರನೇ ದಿನವೂ ಕೇಳಿದಳು, ಅದರ ಮಾರನೇ ದಿನವೂ. ಗುರುವಾರ ತಾನೇ ಮಾಡಿ ನೋಡಿದಳು. ಅಕ್ಕಿಹಿಟ್ಟನ್ನು ತೆಳ್ಳಗೆ ತಟ್ಟಿ, ಕೋಳಿ ಕೊಚ್ಚಿ ತುಂಬಿ, ಕಡುಬಿನ ಪಾತ್ರೆಯಲ್ಲಿ ಇಟ್ಟಳು. ಹೊರಗೆ ಬಂದಾಗ ಎಲ್ಲ ಬಾಯಿ ಬಿಟ್ಟುಕೊಂಡಿದ್ದವು. ಅಪ್ಪಯ್ಯ ನಾಲ್ಕು ತಿಂದು "ಹಂಗಲ್ಲ ಅದು" ಎಂದ. ಅವ್ವ ಅದುವರೆಗೆ ಅಡುಗೆಯಲ್ಲಿ ಸೋತವಳಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವಳಿಗೆ ಅದನ್ನು ಒಮ್ಮೆ ತಿಂದು ನೋಡಬೇಕಿತ್ತು.

"ಕರ್ಕಂಡು ಹೋಗು ಅವ್ವನ್ನ" ಎಂದೆ ಅಪ್ಪಯ್ಯನಿಗೆ.

"ಹೆಂಗಸ್ರು ಹೋಟ್ಲಲ್ಲಿ ಕೂತ್ಕಂಡು ತಿನ್ನದಾ? ಕಟ್ಟಿಸ್ಕಂಡ್ ಬತ್ತೀನಿ ಬಿಡು."

ಮುಂದಿನ ಭಾನುವಾರ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ತಂದ. ಬೀದಿಯಲ್ಲಿ ಇಬ್ಬರು ಸಿಕ್ಕಿ ಮಾತಾಡಿಸಿದ್ದರು. ಮನೆ ಮುಟ್ಟುವಷ್ಟರಲ್ಲಿ ಕಡುಬು ತಣ್ಣಗಾಗಿ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಅವ್ವ ಅದನ್ನೂ ಬಿಡಿಸಿ ಬಿಡಿಸಿ ನಮಗೆ ಬಡಿಸಿದಳು. ಎಲೆಗೆ ಅಂಟಿಕೊಂಡು ಉಳಿದ ಚೂರನ್ನು ಬೆರಳಲ್ಲಿ ಕೆರೆದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಶುಂಠಿ ಹಾಕ್ತಾರೆ" ಎಂದಳು. ಅಷ್ಟರಲ್ಲೇ ಕಂಡುಹಿಡಿದಿದ್ದಳು.

ಆವತ್ತು ನಾನು ಅಪ್ಪಯ್ಯನ ಮೇಲೆ ಹಾರಾಡಿದೆ. ಮೂರು ಊರಿನ ಹೋಟೆಲಿನಲ್ಲಿ ಪುಕ್ಕಟೆ ತಿನ್ನುವವನಿಗೆ ಹೆಂಡತಿಯನ್ನು ಬೀದಿಯ ಕೊನೆಗೆ ಕರೆದೊಯ್ಯಲು ಆಗುವುದಿಲ್ಲವೇ ಎಂದೆ. ಸಂಬಳ ನನಗೂ ಬರುತ್ತದೆ, ನಾನೇ ತಿನ್ನಿಸುತ್ತೇನೆ ಎಂದೂ ಸೇರಿಸಿದೆ. ಅವನು ಎಲೆ ಅಡಿಕೆ ಜಗಿಯುತ್ತಾ ಕೇಳಿಸಿಕೊಂಡ. ಕೊನೆಗೆ "ಆಯ್ತು, ಹೊರಡಿ ಬರೋ ಭಾನುವಾರ" ಎಂದ. ಗೆದ್ದೆ ಎಂದುಕೊಂಡೆ.

ಭಾನುವಾರ ಸಂಜೆ ದೀಪ ಹಚ್ಚಿ ಹೊರಟೆವು. ಅವ್ವ ಹೊಸನಗರದಲ್ಲಿ ತಮ್ಮನ ಮದುವೆಗೆ ಉಟ್ಟಿದ್ದ ಸೀರೆ ಉಟ್ಟಿದ್ದಳು. ಸೋಡಾ ಅಂಗಡಿ ದಾಟುವಾಗ ತಲೆ ತಗ್ಗಿಸಿ ನಡೆದಳು. ಚೀನಾದವನು ಓಡಿಬಂದು, ಹೆಂಗಸರಿಗೆಂದು ಹಾಸಿಗೆ ಬಟ್ಟೆಯ ಪರದೆ ಕಟ್ಟಿದ್ದ ಮೂಲೆಗೆ ನಮ್ಮನ್ನು ಕರೆದೊಯ್ದ. ಅಲ್ಲಿ ಒಂದು ಮೇಜು, ನಾಲ್ಕು ಕುರ್ಚಿ. ಅವ್ವ ಕುರ್ಚಿಯ ತುದಿಯಲ್ಲಿ ಕೂತಳು.

ಪರದೆಯ ಸಂದಿಯಿಂದ ಎಂಜಿನಿಯರುಗಳ ಮೇಜು ಕಾಣುತ್ತಿತ್ತು. ನಡುವೆ ಬುಟ್ಟಿ, ಸುತ್ತ ನಾಲ್ವರು, ನಾಲ್ವರೂ ತಿನ್ನುವ ಕೈಯನ್ನೇ ಬುಟ್ಟಿಗೆ ಹಾಕಿ ಎತ್ತಿಕೊಳ್ಳುತ್ತಿದ್ದರು. ಅವ್ವ ನನ್ನ ತೊಡೆ ಚಿವುಟಿದಳು.

"ಎಲ್ರೂ ಎಂಜಲ ಕೈ ಹಾಕ್ತಿದಾರಲ್ಲೇ!"

"ಅದು ತಿನ್ನೋದೇ ಹಂಗೆ ಅಕ್ಕಾ" ಎಂದ ಚೀನಾದವನು, ನಮ್ಮ ಬುಟ್ಟಿ ತಂದಿಡುತ್ತಾ. "ನಡುವೆ ಇಟ್ಕಳದು, ಎಲ್ಲರೂ ತೆಕ್ಕಳದು."

ಮುಚ್ಚಳ ತೆಗೆದ. ಹಬೆ ಎದ್ದಿತು. ಬಾಳೆಲೆಯ ಚೂರಿನ ಮೇಲೆ ಆರು ಕಡುಬು, ನೆರಿಗೆ ಹಿಡಿದಂತೆ ಬಾಯಿ ಮುಚ್ಚಿಕೊಂಡಿದ್ದವು. ಸಿಪ್ಪೆಯೊಳಗಿನ ಸೊಪ್ಪಿನ ಹಸಿರು ಕಾಣುತ್ತಿತ್ತು. ಅವ್ವ ಅದನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು ನಿಂತಳು, ಬುಟ್ಟಿ ಎತ್ತಿಕೊಂಡಳು, ಅಪ್ಪಯ್ಯನ ತಟ್ಟೆಗೆ ಮೂರು ಹಾಕಿದಳು, ನನಗೆ ಮೂರು.

"ಅವ್ವ, ಕೂತ್ಕ" ಎಂದೆ, ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾ.

"ಎಂಜಲ ಕೈಲಿ ಬಡಿಸ್ಕಳಕ್ಕೆ ಆಗ್ತದಾ? ಯಾರಾದ್ರೂ ಒಬ್ರು ಬಡಿಸ್ಬೇಕಲ್ಲ. ನೀವು ತಿನ್ನಿ."

ಎಂಜಲಾಗದ ಕೈ ಒಂದು ಬೇಕು. ಆ ಕೈಯವರು ತಿನ್ನುವ ಹಾಗಿಲ್ಲ. ಎಷ್ಟೋ ವರ್ಷದಿಂದ ನಮ್ಮ ಮನೆಯಲ್ಲಿ ಆ ಕೈ ಅವಳದ್ದು. ಹೋಟೆಲಿಗೆ ಬಂದರೂ ಅದು ಅವಳ ಜೊತೆಗೇ ಬಂದಿತ್ತು.

ಎರಡನೇ ಬುಟ್ಟಿ ಬಂತು. ಹಾಗೇ ಆಯಿತು. ಬಡಿಸಲು ನಾನಿದ್ದೇನಲ್ಲ ಎಂದ ಚೀನಾದವನನ್ನು ಎಂಜಿನಿಯರುಗಳು ಕೂಗಿ ಕರೆದರು. ಮೂರನೆಯದಕ್ಕೆ ಅವ್ವ ಕಾಯಲೇ ಇಲ್ಲ, ಪರದೆ ಸರಿಸಿ ತಾನೇ ಅಡುಗೆಮನೆಗೆ ಹೋದಳು. ಅಲ್ಲಿಂದ ಅವಳ ದನಿ ಕೇಳಿಸುತ್ತಿತ್ತು. ಹಿಟ್ಟಿಗೆ ಬಿಸಿನೀರಾ ತಣ್ಣೀರಾ ಎಂದು ಕೇಳುತ್ತಿದ್ದಳು. ನೆರಿಗೆ ಹಿಡಿಯುವುದನ್ನು ಇನ್ನೊಂದು ಸಲ ತೋರಿಸಿ ಎನ್ನುತ್ತಿದ್ದಳು. ಕುದಿ ಹಬೆಗೆ ಕೈಯೊಡ್ಡಿ ಬುಟ್ಟಿ ಎತ್ತಿ ತಂದು ಮೇಜಿನ ಮೇಲಿಟ್ಟಳು.

ನನಗೆ ತಡೆಯಲಾಗಲಿಲ್ಲ.

"ನೋಡು ಅಪ್ಪಯ್ಯ" ಎಂದೆ. "ಇಲ್ಲಿಗೆ ಕರ್ಕಂಡು ಬಂದದ್ದು ಅವಳಿಗೆ ತಿನ್ಸಕ್ಕೆ. ಇಲ್ಲೂ ಅವಳು ನಿಂತೇ ಇದಾಳೆ. ನೀನು ಒಂದು ದಿನ ಆದ್ರೂ ಅವಳಿಗೆ ಬಿಸಿ ತಿನ್ಸಿದೀಯಾ? ನಿಂಗೆ ಏನೂ ಅನ್ಸದಿಲ್ವಾ?"

ಬಾಯಿ ತುಂಬ ಕಡುಬು ಇಟ್ಟುಕೊಂಡೇ ಇಷ್ಟೆಲ್ಲ ಹೇಳಿದೆ. ಅಪ್ಪಯ್ಯ ನನ್ನ ಮುಖ ನೋಡಿದ. ಅವನ ತಟ್ಟೆಯಲ್ಲಿ ಇನ್ನೂ ಎರಡು ಉಳಿದಿದ್ದವು. ಅವನ್ನು ಹಾಗೇ ಬಿಟ್ಟು ಎದ್ದು ಹಿತ್ತಲಿಗೆ ಹೋದ. ಕೋಪ ಬಂತೇನೋ ಎಂದು ನನಗೆ ಅಳುಕಾಯಿತು. ಅವ್ವನೂ ಗಾಬರಿಯಿಂದ ನನ್ನನ್ನು ಗದರಿದಳು. ಅಷ್ಟರಲ್ಲಿ ಅವನು ಹೆಗಲ ಮೇಲಿನ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದ. ಅವ್ವನ ಮುಂದಿದ್ದ ಬುಟ್ಟಿ ತೆಗೆದುಕೊಂಡ.

"ನಂದಾಯ್ತು. ಕೈ ತೊಳ್ಕಂಡೀನಿ. ನೀ ಕೂತ್ಕ."

"ಅಯ್ಯೋ, ನೀವ್ಯಾಕೆ..."

"ಕೂತ್ಕ ಅಂದ್ನಲ್ಲ."

ಅವ್ವ ಕೂತಳು. ಅಪ್ಪಯ್ಯ ಬಗ್ಗಿ ಅವಳ ತಟ್ಟೆಗೆ ಒಂದು ಕಡುಬು ಹಾಕಿದ. ಕುದಿಯುವ ರೇಡಿಯೇಟರಿನ ಮುಚ್ಚಳ ತಿರುಗಿಸಿ ಅಭ್ಯಾಸವಾದ ಬೆರಳು, ಬಿಸಿ ತಾಗಿದ ಹಾಗೆ ಕಾಣಲಿಲ್ಲ. ಅವ್ವ ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಮರುಕ್ಷಣ ಬಾಯಿ ತೆರೆದು ಹಾ ಹಾ ಎಂದು ಉಸಿರು ಬಿಟ್ಟಳು, ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಗಾಳಿ ಹಾಕಿಕೊಂಡಳು. ಒಲೆಯ ಕೆಂಡವನ್ನು ಬರಿಗೈಯಲ್ಲಿ ಸರಿಸುವವಳು ಅವಳು. ಅವಳ ಕೈಗೆ ಬಿಸಿ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

"ಸುಡ್ತಾ?" ಎಂದ ಅಪ್ಪಯ್ಯ.

ಅವ್ವ ಇಲ್ಲವೆಂದು ತಲೆಯಾಡಿಸಿದಳು. ನುಂಗಿದ ಮೇಲೆ ಮೊದಲು ಹೇಳಿದ್ದು, "ಶುಂಠಿನೇ."

ಅಪ್ಪಯ್ಯ ಇನ್ನೊಂದು ಹಾಕಿದ. ತಿಂದಳು. ಮತ್ತೊಂದು ಹಾಕಿದ, ಅದನ್ನೂ ತಿಂದಳು. ಅವನು ನಿಲ್ಲಿಸಲಿಲ್ಲ, ಅವಳೂ ಬೇಡ ಎನ್ನಲಿಲ್ಲ. ಮೊದಲು ನನಗೆ ಖುಷಿಯಾಯಿತು. ನಾಲ್ಕನೆಯದರ ಹೊತ್ತಿಗೆ ಅವಳ ಕಣ್ಣು ಅವನ ಕೈಯನ್ನೇ ಹಿಂಬಾಲಿಸುತ್ತಿತ್ತು, ಹೊಟ್ಟೆ ತುಂಬಿದ್ದು ಮುಖದಲ್ಲೇ ಕಾಣುತ್ತಿತ್ತು. ಆಗ ನನಗೆ ಅರ್ಥವಾಯಿತು. ಬಡಿಸುವವರು ಬಂದಾಗ ನಾವೆಲ್ಲ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಬಡಿಸಿಕೊಂಡು ಬಡಿಸಿಕೊಂಡು ಬರುತ್ತದೆ. ಅವ್ವನಿಗೆ ಅದು ಬಂದಿರಲಿಲ್ಲ. ಸಾಕು ಎನ್ನುವಷ್ಟು ಅವಳ ತಟ್ಟೆಗೆ ಯಾರೂ ಹಾಕಿರಲಿಲ್ಲ.

ಯಾರೂ ಎಂದರೆ ನಾನೂ. ಅಪ್ಪಯ್ಯ ಬೆಳಗಾದರೆ ಬಸ್ಸು ಹತ್ತಿ ಹೋಗುತ್ತಿದ್ದ. ನಾನು ಹತ್ತೊಂಬತ್ತು ವರ್ಷ ಅವಳ ಎದುರಿಗೇ ಕೂತು ಬಿಸಿಬಿಸಿ ತಿಂದವಳು. ಈ ಸಂಜೆಯೂ, ಮೂರನೇ ಬುಟ್ಟಿ ಬರುವವರೆಗೂ, ಅವಳಿಗೆ ಕೂತ್ಕ ಎಂದೆನೇ ಹೊರತು ನಾನು ಏಳಲಿಲ್ಲ. ಕೂತಲ್ಲಿಂದಲೇ ಅಪ್ಪಯ್ಯನಿಗೆ ಬುದ್ಧಿ ಹೇಳಿದ್ದೆ. ನನ್ನ ಬಲಗೈ ಎಣ್ಣೆ, ಕಪ್ಪು ಸಾಸು ಮೆತ್ತಿಕೊಂಡು ಎಂಜಲಾಗಿಯೇ ಇತ್ತು. ನಾಚಿಕೆಯಾಯಿತು.

ಎದ್ದು ಹಿತ್ತಲಿಗೆ ಹೋದೆ. ಹಂಡೆಯಿಂದ ನೀರು ಮೊಗೆದುಕೊಂಡು ಕೈ ತಿಕ್ಕಿ ತಿಕ್ಕಿ ತೊಳೆದೆ. ಒಂದನ್ನಾದರೂ ನನ್ನ ಕೈಯಾರೆ ಅವಳಿಗೆ ಬಡಿಸಬೇಕು ಅನ್ನಿಸಿತ್ತು. ಬಂದಾಗ ಅಪ್ಪಯ್ಯ ಕುರ್ಚಿಯಲ್ಲಿ ಒರಗಿ ಕೂತು ನಗುತ್ತಿದ್ದ. ಅವ್ವ ಮದುವೆಮನೆಯ ನೆಂಟರ ಹಾಗೆ ಎರಡೂ ಕೈಯನ್ನು ತಟ್ಟೆಗೆ ಅಡ್ಡ ಹಿಡಿದು ಬಗ್ಗಿ ಕೂತಿದ್ದಳು, ಅವಳಿಗೂ ನಗು. ಬುಟ್ಟಿಯ ಮುಚ್ಚಳ ತೆಗೆದೆ. ಒದ್ದೆ ಬಾಳೆಲೆಯ ಚೂರು ಬಿಟ್ಟು ಒಳಗೆ ಏನೂ ಇರಲಿಲ್ಲ. ಆ ದಿನದ ಹಿಟ್ಟು ಮುಗಿಯಿತೆಂದು ಚೀನಾದವನು ಒಲೆಗೆ ನೀರು ಚಿಮುಕಿಸುತ್ತಿದ್ದ.

ಬುಟ್ಟಿ ಹಿಡಿದು ನಿಂತ ನನ್ನನ್ನು ಅವ್ವ ನೋಡಿದಳು. ಮುಖದ ನಗು ಹೋಯಿತು.

"ಅಯ್ಯೋ ಮಗಾ, ಎಲ್ಲ ನಾನೇ ತಿಂದ್‌ಬಿಟ್ಟೆ. ನಿಂಗೆ ಸಾಲ್ತಾ?"

"ಸಾಲ್ತವ್ವ" ಎಂದೆ.