ಬಾಣಂತಿಯ ಬಚ್ಚಲಿಗೆ ಬಂದ ಗೀಜರ್

ಗ್ಯಾಸ್ ಗೀಜರ್ ಉರಿಯಲು ಗಾಳಿ ಬೇಕು. ಮುಚ್ಚಿದ ಬಚ್ಚಲಲ್ಲಿ ಗಾಳಿ ಸಾಲದಾದರೆ ಅದು ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ ಉಗುಳುತ್ತದೆ; ಒಳಗಿದ್ದವರು ಕೂಗುವ ಮೊದಲೇ ಕುಸಿಯುತ್ತಾರೆ. ಇದೇನೂ ಗುಟ್ಟಲ್ಲ. ಡಬ್ಬಿಯ ಮೇಲೆ ಬರೆದಿರುತ್ತದೆ, ಚಳಿಗಾಲ ಬಂದರೆ ಪತ್ರಿಕೆಯಲ್ಲೂ ಬರುತ್ತದೆ. ನಾವು ಆ ಪತ್ರಿಕೆಯಲ್ಲೇ ಮಿರ್ಚಿ ಕಟ್ಟಿಸಿಕೊಂಡು ತಿನ್ನುತ್ತೇವೆ.

ತೆಲುಗು ನಾಡಿನ ಮಿಯಾಪುರದ ಕಮಲಾಕ್ಷಿಗೂ ಇದು ಗೊತ್ತಿತ್ತು. ಆಳಂದದ ಕಡೆಯಿಂದ ಮದುವೆಯಾಗಿ ಬಂದು, ರಕ್ಷಣಾ ಇಲಾಖೆಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಷ್ಯ ಕಳೆದು, ಗಂಡ ನಿವೃತ್ತನಾದ ಮೇಲೆ ಫ್ಲ್ಯಾಟು ಸೇರಿದ ಹೆಂಗಸು. ತರಕಾರಿಯವನನ್ನು ತೆಲುಗಿನಲ್ಲಿ ಬಗ್ಗಿಸುತ್ತಾಳೆ, ಆಟೋದವನನ್ನು ಹಿಂದಿಯಲ್ಲಿ ಬೈಯುತ್ತಾಳೆ; ಬಾಣಂತನ ಮಾತ್ರ ಅಪ್ಪಟ ಆಳಂದದ್ದು. ಕ್ವಾರ್ಟರ್ಸಿನ ಕನ್ನಡದ ಹೆಣ್ಣುಮಕ್ಕಳಿಗೆಲ್ಲ ಅವಳೇ ನೀರು ಹಾಕಿದ್ದು. ಕಮಲಕ್ಕ ನೀರು ಹಾಕಿದರೆ ಸೊಂಟ ಕಬ್ಬಿಣವಾಗುತ್ತದೆ ಎಂಬ ಮಾತು ಅವಳ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು.

ಈಗ ಸ್ವಂತ ಮಗಳು ಮಂದಾರ ಹಡೆದು ಆಸ್ಪತ್ರೆಯಲ್ಲಿದ್ದಾಳೆ. ಅದೇ ಹೊತ್ತಿಗೆ ಮನೆಯ ಹಳೆಯ ಕರೆಂಟಿನ ಗೀಜರ್ ಬೋರಿನ ಗಡಸು ನೀರು ಕುಡಿದು ಕುಡಿದು ಹೊಟ್ಟೆಯೊಡೆದು ಸೋರಿತು.

ಗಂಡ ಬಸವಲಿಂಗಪ್ಪ ಹೊಸದು ತರಲು ಹೊರಟ. ಕಾರ್ಖಾನೆಯ ಸುರಕ್ಷತಾ ಸಪ್ತಾಹದಲ್ಲಿ ಘೋಷಣೆ ಬರೆದು ಬಹುಮಾನ ಗೆದ್ದವನು. ಆ ಸ್ಟೀಲಿನ ಡಬ್ಬಿ ಇವತ್ತಿಗೂ ಶೋಕೇಸಿನಲ್ಲಿದೆ, ಒಳಗೆ ಏನೂ ಇಲ್ಲ.

"ಕರೆಂಟಿಂದ ತರಬ್ಯಾಡ್ರಿ," ಎಂದಳು ಕಮಲಾಕ್ಷಿ. "ಎರಡು ಬಕೀಟಿಗೆ ತಣ್ಣಗಾಗ್ತೈತಿ. ಬಾಣಂತಿಗೆ ಎರಡು ಬಕೀಟು ಹಾಕಿದರ ಅದು ಜಳಕಲ್ಲ, ಪ್ರೋಕ್ಷಣೆ."

ಬಂತು ಗ್ಯಾಸಿನದು. ಹೊರಗಡೆಯೇ ಹಾಕಿಸಬೇಕು ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಹೊರಗೋಡೆ ಕೊರೆದರೆ ಕಟ್ಟಡದ ಮುಖ ಕೆಡುತ್ತದೆ ಎಂದು ಅಪಾರ್ಟ್‌ಮೆಂಟಿನ ಸಂಘ ತಡೆಯಿತು. ಒಳಗಿರುವವರು ಸತ್ತರೆ ಕಟ್ಟಡದ ಮುಖಕ್ಕೇನೂ ಆಗುವುದಿಲ್ಲ, ನಿಜ. ಸುರಕ್ಷತಾ ಪಂಡಿತ ಎರಡನೆಯ ಮಾತಾಡದೆ ಅದನ್ನು ಬಚ್ಚಲೊಳಗೇ ಹಾಕಿಸಿದ.

ಹೋಗುವಾಗ ಪ್ಲಂಬರ್ ಮೇಲಿನ ಪುಟ್ಟ ಕಿಟಕಿ ತೋರಿಸಿ ಹೇಳಿದ: "ಖಿಡಕಿ ಖುಲ್ಲಾ ರಖೋ ಅಮ್ಮಾ. ಹವಾ ಹೋನಾ."

"ಬಾಣಂತಿಗೆ ಹವಾ ಬೇಕಂತ," ಕಮಲಾಕ್ಷಿ ಕನ್ನಡದಲ್ಲಿ ಅಂದಳು. "ನಿಮ್ಮವ್ವ ನಿನ್ನ ಬೈಲಾಗ ಕುಂತು ಹಡದಾಳೇನೋ?"

ಅವನಿಗೆ ತಿಳಿಯಲಿಲ್ಲ. ನಕ್ಕು ಹೋದ.

ಬಾಣಂತಿಗೆ ಗಾಳಿ ತಾಗಬಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿಗೆ ಬಾಗಿಲು. ಅವಳ ತಾಯಿಯೂ ಹಾಗೇ ಮಾಡಿದ್ದಳು. ಆದರೆ ಆ ಬಚ್ಚಲಲ್ಲಿ ಹಂಡೆಯ ಒಲೆ ಗೋಡೆಯಾಚೆ ಉರಿಯುತ್ತಿತ್ತು, ಮಾಳಿಗೆಗೆ ಬೆಳಕಿಂಡಿಯಿತ್ತು, ಬಾಗಿಲೆಂದರೆ ಒಂದು ಗೋಣಿತಟ್ಟು. ಕಮಲಾಕ್ಷಿ ಪದ್ಧತಿಯನ್ನು ಹೊತ್ತು ತಂದಳು, ಬೆಳಕಿಂಡಿಯನ್ನು ಅಲ್ಲೇ ಬಿಟ್ಟು ಬಂದಳು. ಮಗಳು ಮನೆಗೆ ಬಂದ ದಿನವೇ ಹಳೆಯ ಇಳಕಲ್ ಸೀರೆ ಹರಿದು ಕಿಟಕಿಯ ಸಂದಿಗೆಲ್ಲ ತುರುಕಿದಳು.

ಮೊದಲ ಜಳಕಕ್ಕೇ ಮಂದಾರ, "ಅವ್ವಾ, ತಲಿ ತಿರಗಾಕತ್ತೈತಿ," ಎಂದಳು.

"ಹಡದವರಿಗೆ ತಲಿ ತಿರಗದ ಏನು ಭೂಮಿ ತಿರಗತೈತಿ? ಸುಮ್ಮ ಕುಂದ್ರು."

ಮರುದಿನ ಕಮಲಾಕ್ಷಿಗೇ ತಲೆ ಸಿಡಿಯಿತು. ಮಗಳು ವಾಂತಿ ಮಾಡಿಕೊಂಡಳು. ಬಸವಲಿಂಗಪ್ಪ ಕನ್ನಡಕ ಏರಿಸಿ ನಿರ್ಣಯ ಕೊಟ್ಟ: "ಗಾಳಿ ಸೋಕೈತಿ. ಎಲ್ಲೋ ಸಂದಿ ಉಳದೈತಿ ನೋಡು."

ನೋಡಿದಳು. ಉಳಿದಿದ್ದ ಸಂದಿಗೂ ಸೀರೆಯ ಸೆರಗು ತುರುಕಿದಳು. ಅವನು ಮಗಳ ರಟ್ಟೆಗೆ ಮಠದ ದಾರ ಕಟ್ಟಿದ.

ಮುಂದಿನ ಜಳಕದಲ್ಲಿ ಮಂದಾರ ಮಾತಾಡಲೇ ಇಲ್ಲ. ಮಣೆಯ ಮೇಲಿಂದ ಪಕ್ಕಕ್ಕೆ ವಾಲಿದಳು. ಎತ್ತಲು ಹೋದ ಕಮಲಾಕ್ಷಿಯ ಮೊಣಕಾಲು ಅವಳ ಮಾತು ಕೇಳಲಿಲ್ಲ. ಗೋಡೆ ಹಿಡಿದು, ತೆವಳಿ, ಚಿಲಕ ತೆಗೆದು ಅರ್ಧ ಮೈ ಹೊರಗೆ ಚೆಲ್ಲಿಕೊಂಡಳು. ಗಂಡ ಓಡಿ ಬಂದ. ಕೈಯಲ್ಲಿ ವಿಭೂತಿ ಇತ್ತು.

"ಹಚ್ಚಬ್ಯಾಡ್ರಿ," ಎಂದು ತೊದಲಿದಳು. "ಅಕಿನ್ನ ಎಳೀರಿ."

ಆಸ್ಪತ್ರೆಯಲ್ಲಿ ಮಂದಾರಳ ಮೂಗಿಗೆ ಆಮ್ಲಜನಕ ಹಚ್ಚಿದರು. ಏನಾಯಿತೆಂದು ತೆಲುಗಿನ ಡಾಕ್ಟರಮ್ಮ ಕೇಳಿದಾಗ, ಬಸವಲಿಂಗಪ್ಪ ಗಾಳಿ ಸೋಕಿದ್ದನ್ನು ಅವಳ ಭಾಷೆಯಲ್ಲೇ ವಿವರಿಸಿದ. ಅಲ್ಲೂ ಅದೇ ಮಾತು, ಅದೇ ಅರ್ಥ. ಬಚ್ಚಲಲ್ಲಿ ಯಾವ ಗೀಜರ್, ಕಿಟಕಿ ತೆರೆದಿತ್ತೋ ಇಲ್ಲವೋ ಎಂದು ಆಕೆ ಕೇಳಿದಳು. ಉತ್ತರ ಕೇಳಿ ಹೇಳಿದಳು: "ಗಾಲಿ ಸೋಕಲೇದು ಸಾರ್. ಗಾಲೇ ಲೇದು."

ಗಾಳಿ ಸೋಕಿಲ್ಲ, ಗಾಳಿಯೇ ಇರಲಿಲ್ಲ. ಕಮಲಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಮೇಲೆ ಏನೋ ಹೊಳೆದಂತೆ ತೆಗೆದುಬಿಟ್ಟಳು.

ಮಂದಾರ ಬದುಕಿದಳು. ಮನೆಗೆ ಕರೆಂಟಿನ ಗೀಜರ್ ಬಂತು. ಎರಡು ಬಕೀಟಾದ ಮೇಲೆ ಮತ್ತೆ ಕಾಯುವ ತನಕ ತಾಯಿ ಮಗಳು ಮಾತಾಡುತ್ತ ಕೂರುತ್ತಾರೆ. ಕಿಟಕಿ ತೆರೆದೇ ಇರುತ್ತದೆ.

"ಗ್ಯಾಸಿಂದು ಎಲ್ಲಿ?" ಒಂದು ಬೆಳಿಗ್ಗೆ ಕಮಲಾಕ್ಷಿ ಗಂಡನನ್ನು ಕೇಳಿದಳು.

"ಬಿಸಾಕೂದ್ಯಾಕ ಅಂತ ಸೂಗಪ್ಪಗ ಕೊಟ್ಟೀನಿ. ಪಾಪ, ಅವನ ಹೇಂತಿಗೂ ದಿನ ತುಂಬ್ಯಾವ."

ಸೂಗಪ್ಪ ಕಟ್ಟಡದ ವಾಚ್‌ಮನ್. ರಾಯಚೂರ ಕಡೆಯವನು. ಮೆಟ್ಟಿಲ ಕೆಳಗಿನ ಅವನ ಕೋಣೆಗೆ ತೆರೆದಿಡಲು ಕಿಟಕಿಯೇ ಇಲ್ಲ. ಬಸವಲಿಂಗಪ್ಪನ ಮಗಳನ್ನು ಕೊಲ್ಲಹೊರಟದ್ದು ಬಡವನ ಮನೆಗೆ ಹೋದೊಡನೆ ದಾನವಾಯಿತು. ಈ ಊರಿನ ಅರ್ಧ ಪುಣ್ಯ ಹೀಗೇ ಸಂಪಾದನೆಯಾಗಿದ್ದು.

ಕಮಲಾಕ್ಷಿ ಕೆಳಗಿಳಿದಳು. ಸೂಗಪ್ಪ ಗೀಜರನ್ನು ಗೋಡೆಗೇರಿಸಿ ಮೊಳೆ ಹೊಡೆಯುತ್ತಿದ್ದ.

"ಸಾಹೇಬ್ರದು ಭಾಳ ದೊಡ್ಡ ಮನಸ್ಸು ರೀ ಅಮ್ಮಾರ."

"ಅವರ ಮನಸ್ಸು ದೊಡ್ಡದು, ತಲಿ ಸಣ್ಣದು. ಇಳಸೋ ಅದನ್ನ. ನಿನ್ನ ಹೇಂತಿಗೆ ನಮ್ಮನಿ ಬಚ್ಚಲದಾಗ ನೀರು ನಾ ಹಾಕ್ತೀನಿ."

ಇಳಿಸಿದ. ಅವಳು ಗುಜರಿಯವನನ್ನು ಕರೆಸಿ, ಸುತ್ತಿಗೆಯ ಏಟಿಗೆ ಅದು ಚಪ್ಪಟೆಯಾಗುವವರೆಗೂ ಗೇಟಿನ ಬಳಿ ನಿಂತೇ ಇದ್ದಳು. ಮಾಡಿದ ತಪ್ಪಿಗೆ ಅದು ಸಾಲದು. ಆದರೆ ನಾವು ಅಷ್ಟನ್ನೂ ಮಾಡುವುದಿಲ್ಲ.

ನಿಮ್ಮ ಬಚ್ಚಲಲ್ಲಿ ಇಂಥದ್ದಿದ್ದರೆ ಇವತ್ತೇ ಕಳಚಿಸಿ. ಬದಲಾಯಿಸಿದ್ದೀರಾದರೆ, ಹಳೆಯದನ್ನು ಯಾರಿಗೆ ದಾನ ಕೊಟ್ಟಿರೆಂದು ನೆನಪು ಮಾಡಿಕೊಳ್ಳಿ. ಈ ಪತ್ರಿಕೆ ಮಡಚಿಡಿ, ಅವರ ಮನೆಗೆ ಹೋಗಿ, ಅದನ್ನು ವಾಪಸು ತನ್ನಿ.