ಐತಪ್ಪಣ್ಣನ ಆಫ್ರಿಕ ಕ್ರಮ

ಐತಪ್ಪಣ್ಣನಿಗೆ ತಲೆಯಾಡಿಸಲು ಬರುತ್ತಿರಲಿಲ್ಲ. ಮುಳ್ಳೇರಿಯ ಪೇಟೆಯಲ್ಲಿ ಅಕ್ಕಿ, ಸಿಮೆಂಟು, ರಬ್ಬರ್ ಶೀಟು, ಒಮ್ಮೆ ಒಂದು ಕಬ್ಬಿಣದ ಕಪಾಟನ್ನೂ ತಲೆಯ ಮೇಲೆ ಹೊತ್ತ ಮನುಷ್ಯ. ಹೊರೆ ಇಳಿಸಿದ ಮೇಲೂ ಅವರ ಕುತ್ತಿಗೆ, ತಲೆಯ ಮೇಲೆ ಏನೋ ಇದೆಯೆಂದೇ ನಂಬಿಕೊಂಡಿತ್ತು. ಹೌದು ಎನ್ನಲು ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಅಲ್ಲ ಎನ್ನಲು ಸೊಂಟದಿಂದ ಮೇಲಿನ ಇಡೀ ದೇಹವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಿದ್ದರು. ಹೋಟೆಲಿನಲ್ಲಿ ಇನ್ನೊಂದು ಗೋಳಿಬಜೆ ಬೇಕಾ ಎಂದು ಕೇಳಿದವನು ಎರಡು ಹೆಜ್ಜೆ ಹಿಂದೆ ಸರಿಯಬೇಕಾಗುತ್ತಿತ್ತು.

ನಮ್ಮಲ್ಲಿ ಹೊರೆ ಹೊರುವುದು ಯಾರು ಬೇಕಾದರೂ ಮಾಡುವ ಕೆಲಸವಲ್ಲ. ನೀಲಿ ಅಂಗಿ ಬೇಕು, ಯೂನಿಯನ್ನಿನ ಕಾರ್ಡು ಬೇಕು; ಒಂದೊಂದು ತಂಡಕ್ಕೂ ಅದರದ್ದೇ ಗಡಿ ಉಂಟು. ಐತಪ್ಪಣ್ಣ ಈ ನಿಯಮಗಳನ್ನು ವ್ರತದಂತೆ ಪಾಲಿಸುತ್ತಿದ್ದರು. ಅವರ ಮನೆ ಇದ್ದದ್ದು ಕುಂಬ್ಡಾಜೆ ತಂಡದ ಗಡಿಯೊಳಗೆ. ಹಾಗಾಗಿ ಸ್ವಂತ ಮನೆಗೆ ತಂದ ಅಕ್ಕಿ ಮೂಟೆಯನ್ನೂ ಅವರು ರಿಕ್ಷಾದಿಂದ ಇಳಿಸಿದವರಲ್ಲ. ಆ ತಂಡದವರು ಬರುವವರೆಗೆ ಅಂಗಳದಲ್ಲಿ ರಿಕ್ಷಾಕ್ಕೆ ಕಾವಲು ಕೂತಿರುತ್ತಿದ್ದರು. ಒಳಗಿನಿಂದ ಹೆಂಡತಿ ಬೈಯುವುದು ರಸ್ತೆಯವರೆಗೆ ಕೇಳುತ್ತಿತ್ತು.

ಒಂದು ದಿನ ಕುತ್ತಿಗೆಯ ಎಲುಬು ಸವೆದಿದೆ ಎಂದು ಡಾಕ್ಟರು ಹೇಳಿದರು. "ತಲೆ ಮೇಲೆ ಇನ್ನು ಟೊಪ್ಪಿ ಮಾತ್ರ" ಎಂದರಂತೆ. ಐತಪ್ಪಣ್ಣ ಅಂಗಿ ಒಗೆದು, ಇಸ್ತ್ರಿ ಹಾಕಿಸಿ, ಕಾರ್ಡಿನೊಂದಿಗೆ ತಂಡದ ಮುಖಂಡ ಅಬ್ದುಲ್ಲನ ಕೈಗೆ ಕೊಟ್ಟರು. ಮರುದಿನವೂ ಪೇಟೆಗೆ ಬಂದರು. ಕಾರ್ಡಿಲ್ಲದವರು ಮೂಟೆ ಮುಟ್ಟಬಾರದೆಂಬ ನಿಯಮ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಲಾರಿಯಿಂದ ಹತ್ತು ಮಾರು ದೂರದಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು. ನೋಡಲಾಗುತ್ತಿರಲಿಲ್ಲ ನನಗೆ.

ಆ ಹೊತ್ತಿಗೆ ದುಬೈಯಲ್ಲಿರುವ ನನ್ನ ಭಾವನಿಗೆ ಕಿಲಿಮಂಜಾರೋ ಹತ್ತುವ ಮರುಳು ಹಿಡಿಯಿತು. ಜೊತೆಗೆ ಯಾರೂ ಸಿಗದೆ ನನ್ನನ್ನು ಎಳೆದ. ಗಣಿತ ಪಾಠ ಮಾಡುವ ನಾನು ಶಾಲೆಯ ಮಾಳಿಗೆ ಹತ್ತಿದರೆ ಏದುಸಿರು ಬಿಡುವವನು. ಹೊರೆ ಹೊತ್ತು ಗುಡ್ಡ ಹತ್ತುವುದನ್ನು ಕಲಿಸಿ ಎಂದು ಐತಪ್ಪಣ್ಣನಲ್ಲಿ ಕೇಳಿದೆ.

"ಅಲ್ಲಿ ಹೊರೆಯವರು ಇಲ್ವಾ?"

"ಇದ್ದಾರೆ. ಡೇರೆ, ಅಡುಗೆ ಸಾಮಾನು, ಮೇಜು ಕುರ್ಚಿ, ಕಕ್ಕಸು ಸಹ ಅವರೇ ಹೊರುವುದಂತೆ."

"ಕಕ್ಕಸಾ? ಆಗಲಿ. ಹೊರೆ ಹೊರೆಯೇ. ಹಾಗಾದ್ರೆ ನೀವು ಹೊರಲಿಕ್ಕೆ ಕಲೀಬೇಕಾದ್ದಿಲ್ಲ ಮಾಷ್ಟ್ರೇ. ಇನ್ನೊಬ್ಬ ನಿಮ್ಮ ಹೊರೆ ಹೊತ್ತು ನಡೀವಾಗ ಕೈಬೀಸಿಕೊಂಡು ನಡೀಲಿಕ್ಕೆ ಕಲೀಬೇಕು. ಅದು ಭಾರೀ ಕಷ್ಟ ಉಂಟು."

ಹೊರೆಯವನು ತಾನೇ ಆಗುತ್ತೇನೆಂದರು; ಕಾರ್ಡಿಲ್ಲವೆಂದು ಆ ಒಂದು ದಿನಕ್ಕೆ ಅಬ್ದುಲ್ಲನ ಒಪ್ಪಿಗೆಯನ್ನೂ ಪಡೆದರು. ಬೇಡವೆಂದರೆ ಕೇಳಲಿಲ್ಲ. ಅವರ ಕುತ್ತಿಗೆಗೆ ಹೆದರಿ ನಾನು ಗುಟ್ಟಾಗಿ ಗೋಣಿಯಲ್ಲಿ ಬೈಹುಲ್ಲು ತುಂಬಿಸಿದೆ. ಐತಪ್ಪಣ್ಣ ಒಂದು ಮೂಲೆ ಹಿಡಿದು ಎತ್ತಿ ನೋಡಿದರು. "ಇದು ಹೊರೆಯಾ, ತಲೆದಿಂಬಾ?" ಎಂದು ಬೈದರೂ ತಲೆಗೇರಿಸಿದರು. ಮೇಲೆ ಕಕ್ಕಸಿನ ಲೆಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ನಾನು ಬರಿಗೈಯಲ್ಲಿ ಮುಂದೆ, ಅವರು ಹಿಂದೆ. ಪೇಟೆ ಇಡೀ ಅಂಗಡಿಯಿಂದ ಹೊರಗೆ ಬಂದು ನೋಡಿತು. ನನ್ನ ಹಳೆಯ ಶಿಷ್ಯನೊಬ್ಬ, "ಮಾಷ್ಟ್ರೇ, ಮನೆ ಬದಲಾಯಿಸುದಾ?" ಎಂದು ಕೇಳಿದ. ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ.

ಗುಡ್ಡದ ದಾರಿಯಲ್ಲಿ ಕುಂಬ್ಡಾಜೆಯ ಗಡಿ ದಾಟಿದೊಡನೆ ಅಲ್ಲಿಯ ತಂಡದ ನಾಲ್ವರು ಅಡ್ಡ ನಿಂತರು. "ಐತಪ್ಪಣ್ಣ, ಇನ್ನು ನಮ್ಮ ಏರಿಯ." ಇದು ಅಭ್ಯಾಸ, ಒಳಗಿರುವುದು ಬೈಹುಲ್ಲು ಎಂದು ನಾನು ವಾದಿಸಿದೆ. ನನ್ನನ್ನು ಸುಮ್ಮನಾಗಿಸಿದ್ದು ಐತಪ್ಪಣ್ಣನೇ. "ಅವರು ಹೇಳುದು ಸರಿ ಉಂಟು" ಎಂದು ತಾವಾಗಿ ಹೊರೆ ಒಪ್ಪಿಸಿದರು. ಗೋಣಿಗೆ ಒಬ್ಬ, ಕುರ್ಚಿಗೆ ಒಬ್ಬ, ಎತ್ತಿಕೊಡಲು ಇಬ್ಬರು. ಹೀಗೆ ಒಂದು ಗೋಣಿ ಹುಲ್ಲಿನೊಂದಿಗೆ ನಾವು ಆರು ಜನ ಗುಡ್ಡ ಹತ್ತಿದೆವು. ನನಗಿಂತ ಹೆಚ್ಚು ಎಡವಿದ್ದು ಐತಪ್ಪಣ್ಣ.

"ತಲೆ ಮೇಲೆ ಎಂತದೂ ಇಲ್ಲದಿದ್ರೆ ಕಾಲಿಗೆ ದಾರಿ ಗೊತ್ತಾಗುದಿಲ್ಲ" ಎಂದರು. ಗುಡ್ಡದ ನೆತ್ತಿಯಲ್ಲಿ ಕುಳಿತಾಗ, ಇಷ್ಟು ವರ್ಷಗಳಲ್ಲಿ ನನ್ನಲ್ಲಿ ಏನನ್ನೂ ಕೇಳದ ಮನುಷ್ಯ, ಒಂದು ಮಾತು ಕೇಳಿದರು. "ಅಲ್ಲಿ ಕುತ್ತಿಗೆ ಹೋದವರು ಮತ್ತೆ ಎಂತ ಮಾಡ್ತಾರೆ? ಕೇಳಿಕೊಂಡು ಬನ್ನಿ ಮಾಷ್ಟ್ರೇ."

ಕಿಲಿಮಂಜಾರೋದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ತುದಿಯಲ್ಲಿ ಏಳು ನಿಮಿಷ ನಿಂತೆ, ಅದರಲ್ಲಿ ಐದು ನಿಮಿಷ ವಾಂತಿ. ಭಾವ ಅರ್ಧದಲ್ಲೇ ತಲೆನೋವೆಂದು ಇಳಿದಿದ್ದ. ಹೊರೆಯವರು ನಮಗಿಂತ ತಡವಾಗಿ ಹೊರಟು, ತಲೆ ಮೇಲೆ ಮೂಟೆಯಿಟ್ಟುಕೊಂಡು ನಮ್ಮನ್ನು ದಾಟಿ, ನಾವು ತಲುಪುವಾಗ ಡೇರೆ ಕಟ್ಟಿ ಕೈತೊಳೆಯಲು ಬಿಸಿನೀರು ಹಿಡಿದು ನಿಂತಿರುತ್ತಿದ್ದರು. ನನ್ನ ಚೀಲ ಹೊತ್ತ ಇಮ್ಯಾನುವೆಲ್‌ನ ಕುತ್ತಿಗೆಯನ್ನು ನೋಡಿದಾಗಲೆಲ್ಲ ಮುಳ್ಳೇರಿಯ ಪೇಟೆ ನೆನಪಾಗುತ್ತಿತ್ತು. ಕೊನೆಯ ದಿನ ಗೈಡಿನ ಮೂಲಕ ಐತಪ್ಪಣ್ಣನ ಪ್ರಶ್ನೆ ಕೇಳಿಸಿದೆ. ಇಮ್ಯಾನುವೆಲ್‌ಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅವರು ಮತ್ತೆ ಬರುವುದಿಲ್ಲ" ಎಂದ. ಅಷ್ಟೇ.

ಊರಿಗೆ ಬಂದಾಗ ಐತಪ್ಪಣ್ಣ ಬಸ್ಸಿನ ಬಾಗಿಲಲ್ಲೇ ಕಾದಿದ್ದರು. ನಾನು ತುದಿ ಮುಟ್ಟಿದೆನೋ ಇಲ್ಲವೋ ಎಂದು ಕೇಳಲೂ ಇಲ್ಲ.

"ಎಂತ ಹೇಳಿದ್ರು?"

ಆ ಮುಖಕ್ಕೆ ನಿಜ ಹೇಳಲು ನನ್ನಿಂದಾಗಲಿಲ್ಲ. "ಅಲ್ಲೊಂದು ಕ್ರಮ ಉಂಟು" ಎಂದು ಶುರುಮಾಡಿದೆ. "ಕುತ್ತಿಗೆ ಹೋದವರು ಬೆಟ್ಟದ ಬುಡದಲ್ಲಿ ನಿಲ್ಲುವುದು. ಬೇರೆಯವರ ತಲೆಗೆ ಹೊರೆ ಎತ್ತಿಕೊಡುವುದು ಅವರ ಹಕ್ಕು. ಅದಕ್ಕೆ ಕಾರ್ಡು ಬೇಡ."

ಐತಪ್ಪಣ್ಣ ಕಣ್ಣು ಮುಚ್ಚಿ ತೆರೆದರು.

ಮರುದಿನ ಬೆಳಿಗ್ಗೆ ಅಬ್ದುಲ್ಲ ಶಾಲೆಗೇ ಬಂದ. "ಎಂತ ಮಾಷ್ಟ್ರೇ, ಐತಪ್ಪಣ್ಣ ಲಾರಿ ಬಿಟ್ಟು ಕದಲುದಿಲ್ಲ. ಆಫ್ರಿಕದಲ್ಲಿ ಉಂಟು, ಇಲ್ಲಿ ಯಾಕಿಲ್ಲ ಅಂತ ಕೇಳ್ತಾರೆ. ಹೌದಾ ಅದು?" ಹೌದೆಂದೆ. ಗಣಿತದ ಮಾಷ್ಟ್ರು ಸುಳ್ಳು ಹೇಳುತ್ತಾರೆಂದು ಅವನಿಗೆ ಅನ್ನಿಸಲಿಲ್ಲ. ಒಂದು ಮೀಟಿಂಗು ನಡೆಯಿತು. ತಂಡದ ಕಾಗದಪತ್ರವೆಲ್ಲ ಇರುವ ಮಲಯಾಳದಲ್ಲೇ ಠರಾವು ಬರೆದು ಪಾಸು ಮಾಡಿದರು.

ಆಮೇಲೆ ಮೂರು ವರ್ಷ ಐತಪ್ಪಣ್ಣ ಮುಳ್ಳೇರಿಯದ ಒಂದೊಂದು ಮೂಟೆಯನ್ನೂ ಒಂದು ಕಡೆಯಿಂದ ಹಿಡಿದೆತ್ತಿ ಇನ್ನೊಬ್ಬರ ತಲೆಗಿಟ್ಟರು. ಇಟ್ಟು, "ಹೋಗು" ಎನ್ನುತ್ತಿದ್ದರು. ಹೋದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡರು. ಇಷ್ಟು ದುಃಖ ನನಗೆ ಸ್ವಂತ ಮಾವ ತೀರಿಕೊಂಡಾಗಲೂ ಆಗಿರಲಿಲ್ಲ. ಎಷ್ಟೋ ಸಲ ನಿಜ ಹೇಳಬೇಕೆಂದುಕೊಂಡಿದ್ದೆ, ಹೇಳಲಿಲ್ಲ.

ಮೊನ್ನೆ ಪೇಟೆಗೆ ಹೋದಾಗ ಲಾರಿಯ ಹಿಂದೆ ನೀಲಿ ಅಂಗಿಯಿಲ್ಲದ ಒಬ್ಬ ಹೊರೆ ಎತ್ತಿಕೊಡುತ್ತಿದ್ದ. ಸುಂದರ ಎಂದು ಹೆಸರಂತೆ, ಬೆನ್ನು ಹೋಗಿ ಕೆಲಸ ಬಿಟ್ಟವನು. ಕಾರ್ಡಿಲ್ಲದೆ ಮೂಟೆ ಮುಟ್ಟಬಹುದೇ ಎಂದು ಕೇಳಿದೆ.

"ಇದು ಆಫ್ರಿಕದ ಕ್ರಮ ಮಾಷ್ಟ್ರೇ" ಎಂದ. "ಅಲ್ಲಿ ಒಂದು ದೊಡ್ಡ ಬೆಟ್ಟ ಉಂಟಂತೆ. ನಮ್ಮ ಐತಪ್ಪಣ್ಣ ಅದನ್ನು ಹತ್ತಿ, ನೋಡಿಕೊಂಡು ಬಂದದ್ದು."

"ಹೌದು, ನಾನೂ ಕೇಳಿದ್ದೇನೆ" ಎಂದೆ.